ಎಂಟು ಡಾಲರಿಗೆ ಒಂದು ಸೆಂಟು: ಮಿಸೌರಿಯ ಜಿಂಕೆ, ಮೀನು ಮತ್ತು ಅವನ್ನ ಕಾಯೋ ಇಲಾಖೆ

ಇಲ್ಲಿ ಕೂತಿರೋರಲ್ಲಿ ತುಂಬಾ ಜನ ಸೇಂಟ್ ಲೂಯಿಸ್‌ನ ಪಶ್ಚಿಮದ ಕಡೆಯವರು, ಬಾಲ್ವಿನ್, ಚೆಸ್ಟರ್‌ಫೀಲ್ಡ್, ವೈಲ್ಡ್‌ವುಡ್, ಹಾಗಾಗಿ ನಿಮ್ಮ ಹಿತ್ತಲಿಗೆ ಜಿಂಕೆ ಬರುತ್ತೆ ಅಂತ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಬೆಂಡೆ ಗಿಡ, ಹುರುಳಿಕಾಯಿ ಬಳ್ಳಿ, ಗುಲಾಬಿ ಮೊಗ್ಗು ಯಾವುದನ್ನೂ ಬಿಡಲ್ಲ. ಊರಿಂದ ಬಂದಿರೋ ಅಪ್ಪ ಅಮ್ಮಂದಿರು ಮೊದಲ ದಿನ ಕಿಟಕಿ ಹತ್ರ ನಿಂತು ಫೋಟೋ ತೆಗೀತಾರೆ, ಎರಡು ವಾರ ಆದ್ಮೇಲೆ ಕೋಲು ಹಿಡ್ಕೊಂಡು ಓಡಿಸ್ತಾರೆ. ಈಗ ಈ ರಾಜ್ಯದಲ್ಲಿ ಸುಮಾರು 14 ಲಕ್ಷ ಜಿಂಕೆ ಇದೆ ಅಂತ ಅಂದಾಜು. 1925ರಲ್ಲಿ ಅಂದಾಜು ಹಾಕಿದಾಗ ಎಷ್ಟಿತ್ತು ಗೊತ್ತಾ? 395. ಲಕ್ಷ ಅಲ್ಲ, ಸಾವಿರ ಅಲ್ಲ, ಮುನ್ನೂರ ತೊಂಬತ್ತೈದು. 114 ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಥರದ್ದು, ಇರೋ ರಾಜ್ಯದಲ್ಲಿ 23 ಕೌಂಟಿಲಿ ಮಾತ್ರ, ಅದೂ ಓಝಾರ್ಕ್ ಗುಡ್ಡಗಳ ಸಂದಿಯಲ್ಲಿ.

395ರಿಂದ 14 ಲಕ್ಷಕ್ಕೆ ಹೇಗೆ ಬಂತು ಅನ್ನೋದೇ ಇವತ್ತಿನ ವಿಷಯ. ಕಾಡನ್ನ ಅದರ ಪಾಡಿಗೆ ಬಿಟ್ರೆ ಎಲ್ಲಾ ತಾನೇ ಸರಿಹೋಗುತ್ತೆ ಅಂತ ಒಂದು ನಂಬಿಕೆ ನಮ್ಮಲ್ಲಿದೆ, ಈ ರಾಜ್ಯದಲ್ಲಿ ಹಾಗಾಗಲಿಲ್ಲ. ಇಲ್ಲಿಯ ಮತದಾರರು ಎರಡು ಸಲ, 1936ರಲ್ಲಿ ಒಂದು ಸಲ 1976ರಲ್ಲಿ ಇನ್ನೊಂದು ಸಲ, ಕಾಡುಪ್ರಾಣಿಗಳ ವಿಷಯದಲ್ಲಿ ನಿಯಮ ಮಾಡೋ ಅಧಿಕಾರವನ್ನೂ ಅದಕ್ಕೆ ಬೇಕಾದ ದುಡ್ಡನ್ನೂ ರಾಜಕಾರಣಿಗಳ ಕೈಗೆ ಸುಲಭವಾಗಿ ಸಿಗದ ಹಾಗೆ ಸಂವಿಧಾನದಲ್ಲೇ ಬರೆದಿಟ್ರು. ಇವನ್ನ ಕಾಯೋ ಇಲಾಖೆ, ಮಿಸೌರಿ ಡಿಪಾರ್ಟ್‌ಮೆಂಟ್ ಆಫ್ ಕನ್ಸರ್ವೇಶನ್, ಆ ಎರಡು ವೋಟಿನ ಫಲ. ಆ ದುಡ್ಡಲ್ಲಿ ನಿಮ್ಮ ದುಡ್ಡೂ ಇದೆ, ಹೇಗೆ ಅಂತ ಮುಂದೆ ಹೇಳ್ತೀನಿ.

ಮೊದಲು ಹಾಳಾಗಿದ್ದು ಹೇಗೆ ಅಂತ ನೋಡೋಣ. ಈ ನೆಲ ಒಸೇಜ್ ಜನರದ್ದು, ಅವರು ಶತಮಾನಗಳಿಂದ ಇಲ್ಲಿ ಬೇಟೆ ಆಡ್ಕೊಂಡು, ಬೆಳೆ ಬೆಳ್ಕೊಂಡು, ಹುಲ್ಲುಗಾವಲಿಗೆ ಲೆಕ್ಕಾಚಾರದಲ್ಲಿ ಬೆಂಕಿ ಕೊಟ್ಕೊಂಡು ಇದ್ದವರು, 1808 ಮತ್ತು 1825ರ ಒಪ್ಪಂದಗಳಲ್ಲಿ ಅವರಿಂದ ಇಡೀ ಮಿಸೌರಿಯನ್ನ ಬಿಡಿಸಿಕೊಂಡ್ರು. ಈ ಕಥೆ ಹೇಳೋರು ಸಾಮಾನ್ಯವಾಗಿ ಬಿಳಿಯ ಬೇಟೆಗಾರರಿಂದ ಶುರು ಮಾಡ್ತಾರೆ, ನನಗೆ ಅದು ಸರಿ ಅನ್ಸಲ್ಲ. ಆಮೇಲೆ ಬಂದಿದ್ದು ರೈಲು. ರೈಲು ಬಂದ್ಮೇಲೆ ಇಲ್ಲಿ ಹೊಡೆದ ಜಿಂಕೆ ಮಾಂಸ, ಟರ್ಕಿ ಅನ್ನೋ ದೊಡ್ಡ ಕಾಡುಹಕ್ಕಿ, ಪ್ರೇರಿ ಅನ್ನೋ ಹುಲ್ಲುಗಾವಲಿನ ಕೋಳಿ ಎಲ್ಲಾ ಪೆಟ್ಟಿಗೆ ತುಂಬಿ ದೊಡ್ಡ ಊರುಗಳ ಮಾರ್ಕೆಟ್ಟಿಗೆ ಹೋಗೋಕೆ ಶುರುವಾಯ್ತು. ಎಲ್ಕ್ ಅನ್ನೋ ದೊಡ್ಡ ಸಾರಂಗ ಇಲ್ಲಿ 1865ರ ಹೊತ್ತಿಗೇ ಮುಗಿದು ಹೋಗಿತ್ತು. ಓಝಾರ್ಕಿನ ಪೈನ್ ಕಾಡನ್ನ 1880ರಿಂದ 1910ರ ಒಳಗೆ ಕಂಪನಿಗಳು ಕಡಿದು ಮುಗಿಸಿ ಮುಂದಿನ ರಾಜ್ಯಕ್ಕೆ ಹೊರಟವು, ಗ್ರ್ಯಾಂಡಿನ್ ಅನ್ನೋ ಊರಲ್ಲಿ ಆ ಕಾಲಕ್ಕೆ ದೇಶದ ದೊಡ್ಡ ಮರದ ಮಿಲ್ಲುಗಳಲ್ಲಿ ಒಂದಿತ್ತು, ಮರ ಮುಗೀತು, ಮಿಲ್ಲೂ ಹೋಯ್ತು. ಕೆಲಸ ಕಳ್ಕೊಂಡ ಜನ ಬೋಳು ಗುಡ್ಡದಲ್ಲಿ ಹಂದಿ ದನ ಬಿಟ್ಕೊಂಡು, ಹೊಸ ಹುಲ್ಲು ಬರ್ಲಿ ಅಂತ ಪ್ರತಿ ವಸಂತದಲ್ಲೂ ಬೆಂಕಿ ಹಾಕ್ತಿದ್ರು. ಬೆಂಕಿ ಬಿದ್ದ ಮೇಲೆ ಮಳೆ, ಮಳೆ ಜೊತೆ ಜಲ್ಲಿಕಲ್ಲು ಹೊಳೆಗೆ ಇಳೀತು. ಇವತ್ತೂ ನೀವು ಓಝಾರ್ಕಿನ ಹೊಳೆಗಳಲ್ಲಿ ಕನೂ ದೋಣಿ ಓಡಿಸುವಾಗ ನೋಡೋ ದೊಡ್ಡ ದೊಡ್ಡ ಜಲ್ಲಿ ದಿಬ್ಬಗಳಲ್ಲಿ ಆ ಕಾಲದ್ದು ಎಷ್ಟೋ ಇದೆ.

ಇಲಾಖೆ ಆಗ ಇರಲಿಲ್ವಾ ಅಂದ್ರೆ ಇತ್ತು. 1909ರಿಂದ ಗೇಮ್ ಅಂಡ್ ಫಿಶ್ ಡಿಪಾರ್ಟ್‌ಮೆಂಟ್ ಅಂತ ಇತ್ತು, ಕಾನೂನುಗಳೂ ಇದ್ವು. ಆದ್ರೆ ಗವರ್ನರ್ ಬದಲಾದ್ರೆ ಮುಖ್ಯಸ್ಥ ಬದಲು, ಮುಖ್ಯಸ್ಥ ಬದಲಾದ್ರೆ ವಾರ್ಡನ್‌ಗಳೂ ಬದಲು. ಚುನಾವಣೆಲಿ ಕೆಲಸ ಮಾಡಿದೋರಿಗೆ ವಾರ್ಡನ್ ಕೆಲಸ ಸಿಗೋದು, ಕಾಡು ಗೊತ್ತಾ ಮೀನು ಗೊತ್ತಾ ಅಂತ ಯಾರೂ ಕೇಳ್ತಿರಲಿಲ್ಲ. ವರ್ಗಾವಣೆ ರಾಜಕೀಯ ನೋಡಿ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಆ ಇಲಾಖೆ ಮಾಡಿದ ಒಂದು ಕೆಲಸ ಹೇಳ್ತೀನಿ. ಕಾಡು ಟರ್ಕಿ ಕಮ್ಮಿ ಆಯ್ತು ಅಂತ 1925ರಿಂದ 1943ರ ತನಕ ಫಾರ್ಮಿನಲ್ಲಿ ಸಾಕಿದ ಟರ್ಕಿಗಳನ್ನ ಕಾಡಿಗೆ ಬಿಡ್ತಾ ಹೋದ್ರು, ಒಟ್ಟು 14 ಸಾವಿರಕ್ಕೂ ಜಾಸ್ತಿ, 1936ರ ವೋಟಿನಿಂದ ಹೊಸ ಕಮಿಷನ್ ಬಂದ ಮೇಲೂ ಕೆಲವು ವರ್ಷ ಅದೇ ನಡೀತು. ಒಂದೂ ಕೈ ಹಿಡೀಲಿಲ್ಲ. ಯಾಕೆ ಅಂತ ಸ್ಟಾರ್ಕರ್ ಲಿಯೋಪೋಲ್ಡ್ ಅನ್ನೋ ಯುವ ವಿಜ್ಞಾನಿ ಓಝಾರ್ಕಿನಲ್ಲಿ ಕೂತು ಅಭ್ಯಾಸ ಮಾಡಿದ್ರು. ಕಾಡು ತಾಯಿ ಅಪಾಯ ಅಂತ ಸದ್ದು ಕೊಟ್ಟ ತಕ್ಷಣ ಅದರ ಮರಿ ನೆಲಕ್ಕೆ ಅಂಟಿಕೊಂಡು ಅಲ್ಲಾಡದೆ ಕೂರುತ್ತೆ, ಫಾರ್ಮ್ ತಳಿಯ ಮರಿ ಎದ್ದು ಓಡುತ್ತೆ, ನರಿ ಕಣ್ಣಿಗೆ ಬೀಳುತ್ತೆ. ಫಾರ್ಮ್ ಹಕ್ಕಿಗೆ ಹೊತ್ತಲ್ಲದ ಹೊತ್ತಲ್ಲಿ, ಚಳಿ ಇನ್ನೂ ಇರುವಾಗಲೇ ಮೊಟ್ಟೆ ಇಡೋ ಅಭ್ಯಾಸ. ಅಂದ್ರೆ ಸಾಕಿ ಬಿಡೋದ್ರಿಂದ ಕೆಲಸ ಆಗಲ್ಲ, ಕಾಡಲ್ಲಿ ಉಳಿದಿರೋ ಅಸಲಿ ಹಕ್ಕಿಯನ್ನೇ ಹಿಡಿದು ಬೇರೆ ಕಡೆ ಬಿಡಬೇಕು. ಇದು ಗೊತ್ತಾಗೋಕೆ ವಿಜ್ಞಾನ ಗೊತ್ತಿರೋ ಇಲಾಖೆ ಬೇಕಿತ್ತು, ಅಂಥ ಇಲಾಖೆ ಬರೋಕೆ 1936 ಬೇಕಿತ್ತು.

1935ರ ಸೆಪ್ಟೆಂಬರಲ್ಲಿ ಇದೇ ರಾಜ್ಯದ ಕೊಲಂಬಿಯಾ ಊರಿನ ಟೈಗರ್ ಹೋಟೆಲಲ್ಲಿ ಬೇಟೆಗಾರರು, ಮೀನು ಹಿಡಿಯೋ ಹವ್ಯಾಸದವರು ಸೇರಿ ಒಂದು ಒಕ್ಕೂಟ ಕಟ್ಟಿದ್ರು. ಅವರಲ್ಲಿ ಮುಂದೆ ನಿಂತವರು ಸಿಡ್ನಿ ಸ್ಟೀಫನ್ಸ್. ಅವರು ಯೋಚನೆ ಮಾಡಿದ ರೀತಿ ನನಗೆ ತುಂಬಾ ಇಷ್ಟ. ಶಾಸಕರ ಹತ್ರ ಹೋಗಿ ಒಳ್ಳೆ ಕಾನೂನು ಮಾಡಿಸಬಹುದು, ಆದ್ರೆ ಮುಂದಿನ ವಿಧಾನಸಭೆ ಅದನ್ನ ಬದಲಾಯಿಸಬಹುದು. ಅದಕ್ಕೆ ಕಾನೂನು ಬೇಡ, ಸಂವಿಧಾನದ ತಿದ್ದುಪಡಿ ಬೇಕು ಅಂತ ತೀರ್ಮಾನ ಮಾಡಿದ್ರು. ಈ ರಾಜ್ಯದಲ್ಲಿ ಜನರೇ ಸಹಿ ಸಂಗ್ರಹ ಮಾಡಿ ತಿದ್ದುಪಡಿಯನ್ನ ನೇರವಾಗಿ ಮತಕ್ಕೆ ಹಾಕೋ ದಾರಿ ಇದೆ. ಊರೂರು ತಿರುಗಿ ಸಹಿ ಹಾಕಿಸಿದ್ರು. ಅದು ಮಹಾ ಆರ್ಥಿಕ ಕುಸಿತದ ಕಾಲ, ಮೇಲೆ ಬರಗಾಲ, ಜನಕ್ಕೆ ಊಟಕ್ಕೇ ಕಷ್ಟ ಇದ್ದ ಹೊತ್ತಲ್ಲಿ 1936ರ ನವೆಂಬರ್ 3ಕ್ಕೆ ವೋಟು ನಡೀತು, ಪರವಾಗಿ 8,79,213, ವಿರುದ್ಧ 3,51,962. ನೂರಕ್ಕೆ ಎಪ್ಪತ್ತೊಂದು ಜನ ಹೂಂ ಅಂದ್ರು.

ಆ ತಿದ್ದುಪಡಿಲಿ ಇರೋದು ತುಂಬಾ ಸರಳ. ನಾಲ್ಕು ಜನರ ಕಮಿಷನ್. ಗವರ್ನರ್ ನೇಮಿಸ್ತಾರೆ, ಸೆನೆಟ್ ಒಪ್ಪಬೇಕು, ಆದ್ರೆ ಒಂದೇ ಪಕ್ಷದವರು ಇಬ್ಬರಿಗಿಂತ ಜಾಸ್ತಿ ಇರೋ ಹಾಗಿಲ್ಲ. ಆರು ವರ್ಷದ ಅವಧಿ, ಹಾಗಾಗಿ ಒಬ್ಬ ಗವರ್ನರ್ ಬಂದ ತಕ್ಷಣ ಎಲ್ಲರನ್ನೂ ಬದಲಾಯಿಸೋಕೆ ಆಗಲ್ಲ. ಸಂಬಳ ಇಲ್ಲ, ಓಡಾಟದ ಖರ್ಚು ಮಾತ್ರ. ಡೈರೆಕ್ಟರನ್ನ ನೇಮಿಸೋದು ಈ ಕಮಿಷನ್ನೇ, ಗವರ್ನರ್ ಅಲ್ಲ. ಎಷ್ಟು ಮೀನು ಹಿಡೀಬಹುದು, ಯಾವ ತಿಂಗಳು ಬೇಟೆ, ಯಾವುದಕ್ಕೆ ನಿಷೇಧ ಅನ್ನೋ ನಿಯಮ ಮಾಡೋದೂ ಈ ಕಮಿಷನ್ನೇ. 1937ರ ಜುಲೈ 1ಕ್ಕೆ ಕೆಲಸ ಶುರು, ಮೊದಲ ಡೈರೆಕ್ಟರ್ ಐ.ಟಿ. ಬೋಡೆ ಅಂತ. ಮರುವರ್ಷವೇ ಈ ಅಧಿಕಾರ ಪ್ರಶ್ನೆ ಮಾಡಿ ಕೇಸು ಬಂತು, ರಾಜ್ಯದ ಸುಪ್ರೀಂ ಕೋರ್ಟು ಕಮಿಷನ್ ಪರವಾಗಿ ನಿಂತಿತು.

ಹೊಸ ಇಲಾಖೆ ಮೊದಲು ಮಾಡಿದ ಕೆಲಸದಲ್ಲಿ ಒಂದು ಅಂದ್ರೆ 1938ರಲ್ಲಿ ಜಿಂಕೆ ಬೇಟೆ ಪೂರ್ತಿ ಬಂದ್ ಮಾಡಿದ್ದು. ಆ ಇಲಾಖೆಯನ್ನ ಕಟ್ಟಿದ್ದೇ ಬೇಟೆಗಾರರು, ಅವರದ್ದೇ ಹವ್ಯಾಸ ನಿಲ್ಲಿಸಿದ್ರು, ಅವರೂ ಒಪ್ಪಿದ್ರು. ಜಿಂಕೆ ಇರೋ ಕಡೆ ಬೋನಿಟ್ಟು ಹಿಡಿದು ಇಲ್ಲದ ಕಡೆ ಬಿಟ್ರು. 1944ರಲ್ಲಿ ಮತ್ತೆ ಬೇಟೆ ತೆರೆದಾಗ 20 ಕೌಂಟಿ, ಎರಡೇ ದಿನ, ಗಂಡು ಜಿಂಕೆ ಮಾತ್ರ, ಸಿಕ್ಕಿದ್ದು 583. ಈಗ ವರ್ಷಕ್ಕೆ ಹತ್ತಿರ ಹತ್ತಿರ 3 ಲಕ್ಷ ಜಿಂಕೆ ಬೇಟೆ ಆಗುತ್ತೆ, ಆದ್ರೂ ನಿಮ್ಮ ಬೆಂಡೆ ಗಿಡ ಉಳಿಯಲ್ಲ.

ಬೆಂಕಿ ನಿಲ್ಲಿಸೋದು ಇದಕ್ಕಿಂತ ಕಷ್ಟ ಇತ್ತು. ತಲೆಮಾರುಗಳಿಂದ ಬೆಂಕಿ ಹಾಕ್ತಿದ್ದ ಗುಡ್ಡಗಾಡಿನ ಜನಕ್ಕೆ ಸರ್ಕಾರದೋರು ಬಂದು ಬೇಡ ಅಂದ್ರೆ ಯಾರು ಕೇಳ್ತಾರೆ. ಇಲಾಖೆಯೋರು ಟ್ರಕ್ಕಿನಲ್ಲಿ ಜನರೇಟರು, ಪ್ರೊಜೆಕ್ಟರು, ಪರದೆ ಹಾಕ್ಕೊಂಡು ಕರೆಂಟೇ ಇಲ್ಲದ ಹಳ್ಳಿಗಳಿಗೆ ಹೋಗಿ ಸ್ಕೂಲಿನ ಮುಂದೆ ಸಿನಿಮಾ ತೋರಿಸ್ತಿದ್ರು, ನಮ್ಮ ಕಡೆ ವಾರ್ತಾ ಇಲಾಖೆ ವ್ಯಾನು ಬರ್ತಿತ್ತಲ್ಲ, ಇಲ್ಲಿರೋ ಹಿರಿಯರು ನೋಡಿರ್ತಾರೆ, ಅದೇ ರೀತಿ. ಜನ ಸೇರೋರು, ಕಾಡು ಬೆಂಕಿ ಬಗ್ಗೆನೂ ಒಂದು ರೀಲು ಹಾಕೋರು. ದಂಡ ಹಾಕಿ ಹೆದರಿಸೋ ಮೊದಲು ಊರ ಮುಂದೆ ಹೋಗಿ ಕೂತು ಮಾತಾಡಿದ್ರು ಅನ್ನೋದು ನನಗೆ ಮುಖ್ಯ ಅನ್ಸುತ್ತೆ. 1938ರಿಂದ ಮಿಸೌರಿ ಕನ್ಸರ್ವೇಶನಿಸ್ಟ್ ಅಂತ ಮ್ಯಾಗಜಿನ್ ತರ್ತಾ ಇದಾರೆ, ಈ ರಾಜ್ಯದಲ್ಲಿ ಇರೋ ಯಾರಿಗೇ ಆದ್ರೂ ಫ್ರೀ, ಇನ್ನೂ ತರಿಸದೋರು ಇದ್ರೆ ತರಿಸಿ, ಮಕ್ಕಳು ಫೋಟೋ ನೋಡೋಕಾದ್ರೂ ಎತ್ಕೊಳ್ತಾರೆ.

ಟರ್ಕಿ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅಲ್ಲಿ ಪಾಠ ಕಲಿತು ಕೆಲಸ ಮಾಡಿದ್ದು ಕಾಣುತ್ತೆ. 1950ರ ಶುರುವಿನಲ್ಲಿ ರಾಜ್ಯದಲ್ಲಿ ಉಳಿದಿದ್ದು 2,500ಕ್ಕಿಂತ ಕಮ್ಮಿ. 1954ರಿಂದ ಪೆಕ್ ರಾಂಚ್ ಅನ್ನೋ ಜಾಗದಲ್ಲಿ ಅಸಲಿ ಕಾಡು ಟರ್ಕಿ ಹಿಡಿಯೋಕೆ ಶುರು ಮಾಡಿದ್ರು. ಕಾಳು ಚೆಲ್ಲಿ, ಪಕ್ಕದ ಮರೆಯಲ್ಲಿ ಚಳಿಲಿ ಗಂಟೆಗಟ್ಟಲೆ ಕೂತು, ಹಕ್ಕಿ ತಲೆ ತಗ್ಗಿಸಿ ಕಾಳು ಹೆಕ್ಕುವಾಗ ಬಲೆ ಹಾರಿಸಿ ಹಿಡಿಯೋದು. ಒಂದೊಂದು ಜಾಗಕ್ಕೆ ಬೆರಳೆಣಿಕೆಯಷ್ಟು ಹಕ್ಕಿ. ಜೊತೆಗೆ ಆ ಜಾಗದ ರೈತರು ಐದಾರು ವರ್ಷ ಬೇಟೆ ಆಡಲ್ಲ, ನಾವೇ ಕಾಯ್ತೀವಿ ಅಂತ ಒಪ್ಪಬೇಕು. 1979ರ ತನಕ ಹೀಗೆ ಸುಮಾರು 2,600 ಹಕ್ಕಿ ಹಂಚಿದ್ರು, ಅಷ್ಟೇ. 14 ಸಾವಿರ ಫಾರ್ಮ್ ಹಕ್ಕಿ ಮಾಡದ ಕೆಲಸ 2,600 ಕಾಡು ಹಕ್ಕಿ ಮಾಡ್ತು, ಇವತ್ತು ಟರ್ಕಿ ಲಕ್ಷಗಳಲ್ಲಿ ಇದೆ. ನೀರುನಾಯಿನೂ ಹಾಗೇ, ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನೋ ಸ್ಥಿತಿಲಿತ್ತು, 1982ರಿಂದ ಹತ್ತು ವರ್ಷ ಹೆಚ್ಚಾಗಿ ಲೂಯಿಸಿಯಾನದಿಂದ ತಂದು ಬಿಟ್ರು, 800 ಚಿಲ್ಲರೆ, ಈಗ ಎಲ್ಲಾ ಹೊಳೆಲೂ ಇವೆ.

ಈಗ ದುಡ್ಡಿನ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇಡೀ ಕಥೆಯ ತಿರುಳು ಇದೇ. ಅಮೆರಿಕದ ಬೇರೆ ಹೆಚ್ಚಿನ ರಾಜ್ಯಗಳಲ್ಲಿ ವನ್ಯಜೀವಿ ಇಲಾಖೆ ನಡೆಯೋದು ಮುಖ್ಯವಾಗಿ ಬೇಟೆ ಮತ್ತು ಮೀನಿನ ಲೈಸೆನ್ಸ್ ಫೀಸಿನಿಂದ, ಜೊತೆಗೆ 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯಿಂದ. ಆ ಕಾಯ್ದೆ ಪ್ರಕಾರ ಬೇಟೆ ಬಂದೂಕು, ಮದ್ದುಗುಂಡಿನ ಮೇಲೆ ಫೆಡರಲ್ ಸರ್ಕಾರ ಶೇಕಡಾ 11 ತೆರಿಗೆ ಹಾಕುತ್ತೆ, ಅದನ್ನ ರಾಜ್ಯಗಳಿಗೆ ಹಂಚುತ್ತೆ, ರಾಜ್ಯ 25 ಹಾಕಿದ್ರೆ ಅವರು 75 ಕೊಡ್ತಾರೆ, ಷರತ್ತು ಏನಂದ್ರೆ ಲೈಸೆನ್ಸ್ ದುಡ್ಡನ್ನ ರಸ್ತೆಗೋ ಇನ್ನೊಂದಕ್ಕೋ ತಿರುಗಿಸೋ ಹಾಗಿಲ್ಲ. ಮೀನಿನ ಗಾಳ, ರಾಡು, ರೀಲಿಗೆ ಅಂಥದ್ದೇ ಕಾಯ್ದೆ 1950ರಲ್ಲಿ ಬಂತು. ಒಳ್ಳೆ ವ್ಯವಸ್ಥೆನೇ. ಆದ್ರೆ ಒಂದು ತೊಂದರೆ ಇದೆ, ಬೇಟೆಗಾರರು ದುಡ್ಡು ಕೊಟ್ರೆ ಬೇಟೆ ಪ್ರಾಣಿಗೇ ಖರ್ಚಾಗುತ್ತೆ. ಕಪ್ಪೆಗೆ, ಚಿಟ್ಟೆಗೆ, ಹುಲ್ಲುಗಾವಲಿನ ಗುಬ್ಬಿಗೆ ಯಾರು ಲೈಸೆನ್ಸ್ ತಗೋತಾರೆ?

ಮಿಸೌರಿಯೋರಿಗೆ ಇದು 1960ರ ದಶಕದ ಕೊನೆಗೇ ಹೊಳೆಯಿತು. ಹೊರಗಿನ ಮೂರು ಜನ ತಜ್ಞರನ್ನ ಕರೆಸಿ ನಮ್ಮ ಇಲಾಖೆಲಿ ಏನು ಕೊರತೆ ಇದೆ ಹೇಳಿ ಅಂದ್ರು, ಅವರಲ್ಲಿ ಒಬ್ರು ಅದೇ ಸ್ಟಾರ್ಕರ್ ಲಿಯೋಪೋಲ್ಡ್. ಬೇಟೆ ಆಡದ ಜನಕ್ಕೂ ನೀವು ಕೆಲಸ ಮಾಡ್ಬೇಕು, ಅವರಿಂದಲೂ ದುಡ್ಡು ಬರ್ಬೇಕು ಅಂದ್ರು ಅವರು. ಮೊದಲ ಪ್ರಯತ್ನ ಸೋಡಾ ಬಾಟಲಿ ಮೇಲೆ ಒಂದು ಸೆಂಟ್ ತೆರಿಗೆ. ಸಹಿ ಎಲ್ಲಾ ಹಾಕಿಸಿದ್ರು, ಆದ್ರೆ ಅರ್ಜಿಯಲ್ಲಿ ಕಾನೂನು ಕೇಳೋ ಒಂದು ಸಾಲು ಬಿಟ್ಟುಹೋಗಿತ್ತು, ಆ ಒಂದು ಸಾಲಿಗೆ ಇಡೀ ಅರ್ಜಿ ಬಿದ್ದುಹೋಯ್ತು. ಅಷ್ಟು ಜನ ತಿಂಗಳುಗಟ್ಟಲೆ ಅಂಗಡಿ ಮುಂದೆ, ಜಾತ್ರೆ ಬಯಲಲ್ಲಿ ನಿಂತು ಮಾಡಿದ ಕೆಲಸ. ಬಿಡಲಿಲ್ಲ ಅವರು. ಮತ್ತೆ ಹೊರಟು 2 ಲಕ್ಷಕ್ಕೂ ಜಾಸ್ತಿ ಸಹಿ ಸೇರಿಸಿ 1976ರ ನವೆಂಬರಲ್ಲಿ ಹೊಸ ತಿದ್ದುಪಡಿ ಮತಕ್ಕೆ ಹಾಕಿದ್ರು, ಸೇಲ್ಸ್ ಟ್ಯಾಕ್ಸ್ ಬೀಳೋ ಎಲ್ಲಾ ಸಾಮಾನಿನ ಬೆಲೆ ಮೇಲೆ ಶೇಕಡಾ ಒಂದರ ಎಂಟನೇ ಒಂದು ಭಾಗ. ಅಂದ್ರೆ ಎಂಟು ಡಾಲರ್ ಸಾಮಾನು ತಗೊಂಡ್ರೆ ಒಂದು ಸೆಂಟು. ಈ ಸಲ 71 ಪರ್ಸೆಂಟ್ ಬರಲಿಲ್ಲ, ಕೂದಲೆಳೆ ಅಂತರದಲ್ಲಿ ಗೆದ್ದಿದ್ದು.

ಇವತ್ತು ಇಲಾಖೆಯ ಆದಾಯದಲ್ಲಿ ನೂರಕ್ಕೆ ಅರವತ್ತರ ಹತ್ತಿರ ಆ ಒಂದು ಸೆಂಟಿನದ್ದು. ಮೊನ್ನೆ ಇಂಡಿಯನ್ ಸ್ಟೋರಲ್ಲಿ ನೀವು ತಗೊಂಡ ಸೋನಾ ಮಸೂರಿ ಮೂಟೆ, ಒಗ್ಗರಣೆಗೆ ಇಂಗು, ಮಗಳಿಗೆ ಕೊಡಿಸಿದ ಶೂಸು ಎಲ್ಲದರಲ್ಲೂ ಒಂದು ಪಾಲು ಹೋಗಿದೆ. ಬಿಲ್ಲಲ್ಲಿ ಬೇರೆ ಸಾಲಾಗಿ ಬರೆದಿರಲ್ಲ, ಟ್ಯಾಕ್ಸ್ ಅನ್ನೋದರೊಳಗೇ ಸೇರಿರುತ್ತೆ, ಅದಕ್ಕೇ ಯಾರಿಗೂ ಗೊತ್ತಿಲ್ಲ. ನಾನು ಇಲ್ಲಿಗೆ ಬಂದು ಎಷ್ಟೋ ವರ್ಷ ಆದ್ಮೇಲೆ ನನಗೂ ಗೊತ್ತಾಗಿದ್ದು.

ಆ ದುಡ್ಡಲ್ಲಿ ಏನಾಗಿದೆ ಅಂದ್ರೆ, ಸುಮಾರು 10 ಲಕ್ಷ ಎಕರೆ ಇಲಾಖೆ ನೋಡ್ಕೊಳ್ತಾ ಇದೆ, ಪ್ರವೇಶಕ್ಕೆ ದುಡ್ಡಿಲ್ಲ. ಕರ್ಕ್‌ವುಡ್‌ನ ಪೌಡರ್ ವ್ಯಾಲಿ ನೇಚರ್ ಸೆಂಟರಿಗೆ ನೀವೆಲ್ಲಾ ಮಕ್ಕಳನ್ನ ಕರ್ಕೊಂಡು ಹೋಗಿರ್ತೀರ, ಅದು ಇವರದ್ದೇ. ರಾಕ್‌ವುಡ್ಸ್ ರಿಸರ್ವೇಶನ್ ಇವರದ್ದು, ಮಿಸೌರಿ ನದಿ ಮಿಸಿಸಿಪ್ಪಿ ಸೇರೋ ಜಾಗದ ಕೊಲಂಬಿಯಾ ಬಾಟಮ್ ಇವರದ್ದು. ಸ್ಟೇಟ್ ಪಾರ್ಕುಗಳು ಮಾತ್ರ ಬೇರೆ ಇಲಾಖೆ, ಅವಕ್ಕೆ ಬೇರೆ ಸೇಲ್ಸ್ ಟ್ಯಾಕ್ಸ್ ಇದೆ, ಅದನ್ನ ಹತ್ತು ವರ್ಷಕ್ಕೊಮ್ಮೆ ಜನ ಮತ್ತೆ ಒಪ್ಪಬೇಕು.

ಮೀನಿನ ಕಡೆಯದ್ದೂ ಒಂದು ಹೇಳ್ತೀನಿ, ಪ್ಯಾಡಲ್‌ಫಿಶ್. ಮೂತಿ ಅಂದ್ರೆ ದೋಣಿ ಹುಟ್ಟಿನ ಥರ ಉದ್ದಕ್ಕೆ ಮುಂದೆ ಚಾಚಿರುತ್ತೆ, ಡೈನೋಸಾರ್ ಕಾಲದಿಂದ ಇರೋ ಜಾತಿ, ನೀರಲ್ಲಿ ತೇಲೋ ಸೂಕ್ಷ್ಮ ಜೀವಿ ಸೋಸಿ ತಿನ್ನುತ್ತೆ, ಹಾಗಾಗಿ ಗಾಳಕ್ಕೆ ಹುಳ ಸಿಕ್ಕಿಸಿದ್ರೆ ಬರಲ್ಲ. ಓಸೇಜ್ ನದಿಯಲ್ಲಿ ಜಲ್ಲಿ ಮೇಲೆ ಮೊಟ್ಟೆ ಇಡ್ತಿತ್ತು, 1970ರ ದಶಕದಲ್ಲಿ ಟ್ರೂಮನ್ ಡ್ಯಾಮ್ ಕಟ್ಟಿದ ಮೇಲೆ ಆ ಜಾಗ ಮುಳುಗೋಯ್ತು. ಅವತ್ತಿಂದ ಬ್ಲೈಂಡ್ ಪೋನಿ ಅನ್ನೋ ಮೀನುಮರಿ ಕೇಂದ್ರದಲ್ಲಿ ಮೊಟ್ಟೆ ಒಡೆಸಿ ಮರಿ ಬೆಳೆಸಿ ಇಲಾಖೆಯೋರೇ ಸರೋವರಗಳಿಗೆ ಬಿಡ್ತಾರೆ, ನಿಲ್ಲಿಸಿದ್ರೆ ಅಲ್ಲಿ ಮೀನು ಮುಗಿದ ಹಾಗೇ. ಅದರ ಮೊಟ್ಟೆಗೆ ಕ್ಯಾವಿಯರ್ ಅಂತ ಭಾರಿ ಬೆಲೆ, ಕಳ್ಳ ವ್ಯಾಪಾರ. 2013ರಲ್ಲಿ ವಾರ್ಸಾ ಅನ್ನೋ ಸಣ್ಣ ಊರಲ್ಲಿ ಇಲಾಖೆಯ ಏಜೆಂಟರು ಫೆಡರಲ್ ಅಧಿಕಾರಿಗಳ ಜೊತೆ ಸೇರಿ, ವೇಷ ಮರೆಸಿಕೊಂಡು ನಡೆಸಿದ ತನಿಖೆ ಹೊರಗೆ ಬಂತು, ಕೇಸಿಗೆ ಸಿಕ್ಕಿಬಿದ್ದೋರು ನೂರಕ್ಕೂ ಜಾಸ್ತಿ ಜನ.

ಲೈಸೆನ್ಸ್ ದುಡ್ಡಲ್ಲಿ ಆಗದ ಕೆಲಸಕ್ಕೆ ಉದಾಹರಣೆ ಅಂದ್ರೆ ಹೆಲ್‌ಬೆಂಡರ್, ಎರಡು ಅಡಿ ಉದ್ದ ಬೆಳೆಯೋ, ಹಲ್ಲಿ ಥರ ಕಾಣೋ ದೊಡ್ಡ ಸಾಲಮಾಂಡರ್, ಓಝಾರ್ಕಿನ ತಣ್ಣನೆ ಹೊಳೆಲಿ ಬಂಡೆ ಅಡಿ ಇರುತ್ತೆ, ಬೇಟೆಗೂ ಇಲ್ಲ ಊಟಕ್ಕೂ ಇಲ್ಲ. 2011ರಲ್ಲಿ ಸೇಂಟ್ ಲೂಯಿಸ್ ಝೂ ಮತ್ತು ಇಲಾಖೆ ಸೇರಿ ಓಝಾರ್ಕ್ ಹೆಲ್‌ಬೆಂಡರನ್ನ ಮೊದಲ ಬಾರಿಗೆ ಝೂನಲ್ಲಿ ಮರಿ ಮಾಡಿಸಿದ್ರು, ಈಗ ಅವನ್ನ ಬೆಳೆಸಿ ಹೊಳೆಗೆ ಬಿಡ್ತಾ ಇದಾರೆ.

ಎಲ್ಲಾ ಗೆದ್ದಿಲ್ಲ. ಪ್ರೇರಿ ಕೋಳಿ ಸೋತ ಕಥೆ, ಅದನ್ನೂ ಹೇಳ್ಲೇಬೇಕು. ಒಂದು ಕಾಲದಲ್ಲಿ ಲಕ್ಷಗಟ್ಟಲೆ ಇದ್ದಿದ್ದು, ಈಗ ಈ ರಾಜ್ಯದಲ್ಲಿ ಕೈಲಿ ಎಣಿಸೋ ಹಾಗಾಗಿದೆ. ಅದರ ಬೇಟೆ ನಿಲ್ಲಿಸಿ ನೂರು ವರ್ಷ ಮೀರಿದೆ, ಕ್ಯಾನ್ಸಸ್‌ನಿಂದ ತಂದೂ ಬಿಟ್ರು, ಆದ್ರೂ ಆಗ್ತಿಲ್ಲ. ಯಾಕಂದ್ರೆ ಅದಕ್ಕೆ ಬೇಕಾದ ಹುಲ್ಲುಗಾವಲೇ ಇಲ್ಲ, ಒಂದೂವರೆ ಕೋಟಿ ಎಕರೆ ಪ್ರೇರಿ ಇತ್ತು, ಉಳಿದಿರೋದು ಶೇಕಡಾ ಒಂದಕ್ಕಿಂತ ಕಮ್ಮಿ, ಮಿಕ್ಕಿದ್ದೆಲ್ಲಾ ಜೋಳ, ಸೋಯಾ, ದನದ ಮೇವಿನ ಹೊಲ ಆಗಿದೆ. ಈ ರಾಜ್ಯದ ನೆಲದಲ್ಲಿ ನೂರಕ್ಕೆ 93 ಭಾಗ ಖಾಸಗಿ. ಎಷ್ಟೇ ಒಳ್ಳೆ ಇಲಾಖೆ ಆದ್ರೂ ರೈತ ಬೇಲಿ ಅಂಚಲ್ಲಿ ಒಂದಿಷ್ಟು ಹುಲ್ಲು ಬಿಡದಿದ್ರೆ ಏನೂ ಮಾಡೋಕಾಗಲ್ಲ, ಬಲವಂತ ಮಾಡೋ ಅಧಿಕಾರ ಅವರಿಗಿಲ್ಲ, ಇರಬೇಕು ಅಂತಲೂ ನಾನು ಹೇಳಲ್ಲ, ಬಿತ್ತನೆಗೆ ಸಹಾಯಧನ, ಸಲಹೆ ಅಂತ ಒಪ್ಪಿಸೋದೊಂದೇ ದಾರಿ.

ಮುಂದೇನು ಅನ್ನೋದಕ್ಕೆ ಬರ್ತೀನಿ. ನನ್ನನ್ನ ಹೆಚ್ಚು ಕಾಡೋದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಸಿಡಬ್ಲ್ಯೂಡಿ ಅಂತಾರೆ. ಜಿಂಕೆಯ ಮೆದುಳಿಗೆ ಬರೋ ರೋಗ, ಪ್ರಿಯಾನ್ ಅನ್ನೋ ಕೆಟ್ಟ ಪ್ರೋಟೀನಿನಿಂದ ಬರುತ್ತೆ, ಔಷಧ ಇಲ್ಲ, ಲಸಿಕೆ ಇಲ್ಲ, ಬಂದ ಜಿಂಕೆ ಸತ್ತೇ ಸಾಯುತ್ತೆ. ಒಂದು ವರ್ಷಕ್ಕೂ ಜಾಸ್ತಿ ನೋಡೋಕೆ ಆರೋಗ್ಯವಾಗೇ ಇರುತ್ತೆ, ಅಷ್ಟರಲ್ಲಿ ಜೊಲ್ಲು, ಉಚ್ಚೆ ಮೂಲಕ ಬೇರೆಯವಕ್ಕೆ ಹರಡಿರುತ್ತೆ, ಮಣ್ಣಲ್ಲೂ ವರ್ಷಗಟ್ಟಲೆ ಉಳಿಯುತ್ತೆ. ಮಿಸೌರಿಯಲ್ಲಿ ಮೊದಲು ಸಿಕ್ಕಿದ್ದು 2010ರಲ್ಲಿ, ಬೇಲಿ ಹಾಕಿ ಜಿಂಕೆ ಸಾಕೋ ಒಂದು ಖಾಸಗಿ ಜಾಗದಲ್ಲಿ, ಎರಡು ವರ್ಷದೊಳಗೆ ಕಾಡು ಜಿಂಕೆಲೂ ಸಿಕ್ತು. ನವೆಂಬರ್ ಬಂದೂಕು ಸೀಸನ್ನಿನ ಮೊದಲ ಶನಿವಾರ ಭಾನುವಾರ ನೀವು ಓಝಾರ್ಕ್ ಕಡೆ ಡ್ರೈವ್ ಹೋದ್ರೆ ಕಾಣ್ಬಹುದು, ಈ ರೋಗದ ಪರೀಕ್ಷೆಗೆ ಪಿಕಪ್ ಟ್ರಕ್ಕುಗಳು ಸಾಲಾಗಿ ನಿಂತಿರ್ತವೆ, ಹಿಂದೆ ಜಿಂಕೆ, ಇಲಾಖೆಯ ಹುಡುಗರು ಗ್ಲೌಸ್ ಹಾಕ್ಕೊಂಡು ಕತ್ತಿನ ಹತ್ರ ಸೀಳಿ ದುಗ್ಧಗ್ರಂಥಿ ತೆಗೆದು ಸಣ್ಣ ಚೀಲಕ್ಕೆ ಹಾಕಿ ನಂಬರ್ ಅಂಟಿಸ್ತಾರೆ, ಬೇಟೆಗಾರನ ಕೈಗೂ ಅದೇ ನಂಬರಿನ ಚೀಟಿ. ರಿಪೋರ್ಟ್ ಬರೋ ತನಕ ಮಾಂಸ ಫ್ರೀಜರಲ್ಲಿ. ಹಿತ್ತಲಿಗೆ ಬರೋ ಜಿಂಕೆಗೆ ಪಾಪ ಅಂತ ಜೋಳ ಹಾಕೋರು ನಮ್ಮಲ್ಲೂ ಇದಾರೆ, ದಯವಿಟ್ಟು ಹಾಕ್ಬೇಡಿ, ಒಂದೇ ಕಡೆ ಹತ್ತು ಜಿಂಕೆ ಬಾಯಿ ಹಾಕಿದ್ರೆ ರೋಗ ಹರಡೋಕೆ ಅದೇ ದಾರಿ.

ಈ ರೋಗದಿಂದಲೇ 1936ರ ತಿದ್ದುಪಡಿಗೆ ದೊಡ್ಡ ಪರೀಕ್ಷೆ ಬಂತು. ಬೇಲಿ ಒಳಗೆ ಸಾಕೋ ಜಿಂಕೆ ಕೂಡ ನಮ್ಮ ನಿಯಮಕ್ಕೆ ಬರ್ಬೇಕು ಅಂತ ಕಮಿಷನ್ ಅಂದ್ರೆ, ಇಲ್ಲ ಅದು ದನದ ಹಾಗೆ ಜಾನುವಾರು ಅಂತ 2014ರಲ್ಲಿ ಶಾಸಕರು ಮಸೂದೆ ಪಾಸು ಮಾಡಿದ್ರು. ಆಗಿನ ಗವರ್ನರ್ ಜೇ ನಿಕ್ಸನ್ ಒಪ್ಪದೆ ವೀಟೋ ಹಾಕಿದ್ರು. ವೀಟೋ ಮುರಿಯೋಕೆ ಸೆನೆಟಲ್ಲಿ ವೋಟು ಸಾಕಷ್ಟು ಬಂತು, ಕೆಳಮನೆ ಹೌಸಲ್ಲಿ ಒಂದೇ ಒಂದು ವೋಟು ಕಮ್ಮಿ ಬಿತ್ತು. ಆಮೇಲೆ ಕೋರ್ಟಿಗೆ ಹೋಯ್ತು, 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಬೇಲಿ ಒಳಗಿದ್ರೂ ಅದು ವನ್ಯಜೀವಿನೇ, ಕಮಿಷನ್ನಿಗೆ ಅಧಿಕಾರ ಇದೆ ಅಂತ ತೀರ್ಪು ಕೊಡ್ತು. ಎಂಬತ್ತು ವರ್ಷದ ಹಿಂದೆ ಸಹಿ ಹಾಕಿಸಿದೋರ ಕೆಲಸ ಆವತ್ತು ಉಪಯೋಗಕ್ಕೆ ಬಂತು. ಆದ್ರೆ ಕಮಿಷನ್ ರಚನೆ ಬದಲಾಯಿಸ್ಬೇಕು, ಈ ಟ್ಯಾಕ್ಸಿಗೆ ಕೊನೆ ದಿನ ಇಡ್ಬೇಕು ಅನ್ನೋ ಮಾತುಗಳು ರಾಜ್ಯದ ರಾಜಧಾನಿ ಜೆಫರ್ಸನ್ ಸಿಟಿಲಿ ಮತ್ತೆ ಮತ್ತೆ ಏಳ್ತಾನೇ ಇರ್ತವೆ.

ಇಲ್ಲಿ ನನ್ನ ಚಿಂತೆ ಇಷ್ಟು. 1936ರಲ್ಲಿ ವೋಟು ಹಾಕಿದೋರಿಗೆ ಜಿಂಕೆ ಇಲ್ಲದ ಕಾಡು ಗೊತ್ತಿತ್ತು. ಈಗ ದುಡ್ಡು ಕೊಡ್ತಿರೋರಲ್ಲಿ ಹೆಚ್ಚಿನವರು ಬೇಟೆಗಾರರಲ್ಲ, ಊರುಗಳಲ್ಲಿರೋರು, ನಮ್ಮ ಹಾಗೆ ಹೊರಗಿಂದ ಬಂದೋರು, ತಾವು ಕೊಡ್ತಿದೀವಿ ಅಂತಲೇ ಅವರಿಗೆ ಗೊತ್ತಿಲ್ಲ. ನಾಳೆ ಯಾರಾದ್ರೂ ಈ ಟ್ಯಾಕ್ಸ್ ತೆಗೀತೀವಿ ಅಂತ ಮತಕ್ಕೆ ಹಾಕಿದ್ರೆ ಗೊತ್ತಿಲ್ಲದೋರು ಯಾಕೆ ಉಳಿಸ್ತಾರೆ?

ಅದಕ್ಕೆ ನೀವು ಹೊಳೆಗೆ ಇಳೀಬೇಕು ಅಂತ ನನ್ನ ಆಸೆ. 1989ರಿಂದ ಸ್ಟ್ರೀಮ್ ಟೀಮ್ ಅಂತ, ಹೊಳೆ ನೋಡ್ಕೊಳ್ಳೋ ಸ್ವಯಂಸೇವಕರ ಕೆಲಸ ನಡೀತಿದೆ, ಈ ಇಲಾಖೆ, ಇನ್ನೊಂದು ಸರ್ಕಾರಿ ಇಲಾಖೆ, ಆಮೇಲೆ 1935ರ ಅದೇ ಒಕ್ಕೂಟ ಸೇರಿ ನಡೆಸ್ತಾರೆ. ನಾನು ಮೆರಮೆಕ್ ನದಿ ಸೇರೋ ಒಂದು ಹಳ್ಳದಲ್ಲಿ ಮಾಡ್ತೀನಿ. ನೀರು ಕಲ್ಲಿನ ಮೇಲೆ ಸದ್ದು ಮಾಡ್ಕೊಂಡು ಓಡೋ ಕಡೆ ಒಬ್ರು ಬಲೆ ಅಡ್ಡ ಹಿಡ್ಕೊಂಡು ನಿಲ್ಲೋದು, ಇನ್ನೊಬ್ರು ಮೇಲ್ಗಡೆ ಮೂರಡಿ ಚೌಕದಲ್ಲಿ ಒಂದೊಂದು ಕಲ್ಲೂ ಎತ್ತಿ ನೀರೊಳಗೇ ಕೈಯಲ್ಲಿ ಉಜ್ಜಿ, ಆಮೇಲೆ ಕಾಲಲ್ಲಿ ತಳ ಕದಡೋದು. ಬಲೆ ಎತ್ತಿ ದಡದಲ್ಲಿ ಹರಡಿದ್ರೆ ಮೊದಲು ಬರೀ ಎಲೆ ಕಸ ಕಾಣುತ್ತೆ, ಒಂದು ನಿಮಿಷ ಸುಮ್ಮನೆ ನೋಡಿದ್ರೆ ಕಸ ಓಡಾಡೋಕೆ ಶುರುವಾಗುತ್ತೆ. ಎಲ್ಲಾ ನೀರಿನ ಹುಳಗಳು, ಎರಡು ಬಾಲ ಇದ್ರೆ ಸ್ಟೋನ್‌ಫ್ಲೈ ಮರಿ, ಸಾಮಾನ್ಯವಾಗಿ ಮೂರು ಇದ್ರೆ ಮೇಫ್ಲೈ, ಮರಳ ಕಣ ಅಂಟಿಸ್ಕೊಂಡು ಗೂಡು ಮಾಡ್ಕೊಂಡಿದ್ರೆ ಕ್ಯಾಡಿಸ್‌ಫ್ಲೈ. ಕೊಳಕು ನೀರು ತಡೆಯದ ಜಾತಿಗೆ 3 ಅಂಕ, ಸ್ವಲ್ಪ ತಡೆಯೋದಕ್ಕೆ 2, ಎಂಥ ನೀರಲ್ಲೂ ಬದುಕೋ ಜಿಗಣೆಯಂಥದ್ದಕ್ಕೆ 1, ಕೂಡಿದ್ರೆ ಆ ಹಳ್ಳದ ನೀರು ಹೇಗಿದೆ ಗೊತ್ತಾಗುತ್ತೆ. ಲೆಕ್ಕ ಸರ್ಕಾರಕ್ಕೆ ಹೋಗುತ್ತೆ, ವರ್ಷದಿಂದ ವರ್ಷಕ್ಕೆ ಹೋಲಿಸ್ತಾರೆ. ತರಬೇತಿ ಫ್ರೀ, ಬಲೆನೂ ಅವರೇ ಕೊಡ್ತಾರೆ.

ಇನ್ನು ನೀವು ಕೇಳಿದ ಎರಡು ಪ್ರಶ್ನೆ. ಹಿಂದೆ ಕೂತಿರೋ ಮೇಷ್ಟ್ರು ಕೇಳಿದ್ರು, ನಮ್ಮ ಕರ್ನಾಟಕದಲ್ಲೂ ಹೀಗೆ ಮಾಡ್ಬಹುದಲ್ವಾ ಅಂತ. ಸಾರ್, ಪೂರ್ತಿ ಹಾಗೇ ಆಗಲ್ಲ. ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಬೇಟೆ ಇಲ್ಲ, ಹಾಗಾಗಿ ಲೈಸೆನ್ಸ್ ದುಡ್ಡಿನ ಮಾತೇ ಇಲ್ಲ, ಅರಣ್ಯ ಇಲಾಖೆ ಬೇರೆ ಮೀನುಗಾರಿಕೆ ಇಲಾಖೆ ಬೇರೆ, ಜನರೇ ಸಹಿ ಹಾಕಿ ಸಂವಿಧಾನ ತಿದ್ದೋ ದಾರಿಯೂ ಇಲ್ಲ. ನಮ್ಮಲ್ಲಿ ಆನೆ ಹುಲಿ ಇದೆ, ಹೊಲಕ್ಕೆ ಆನೆ ಬಂದ್ರೆ ಆಗೋ ನಷ್ಟ ಕಾಡಂಚಿನ ರೈತನ ತಲೆ ಮೇಲೆ ಬೀಳುತ್ತೆ, ಪರಿಹಾರ ಬಂದ್ರೂ ಬೆಳೆ ವಾಪಸ್ ಬರಲ್ಲ. ಬೆಂಗಳೂರಲ್ಲಿ ಮಾಲಿಗೆ ಹೋಗೋರೂ ಆ ಭಾರದಲ್ಲಿ ಒಂದು ಸಣ್ಣ ಪಾಲು ಹೊರೋ ಹಾಗೆ, ಆ ದುಡ್ಡನ್ನ ಬೇರೆ ಯಾವುದಕ್ಕೂ ಮುಟ್ಟದ ಹಾಗೆ ಮಾಡೋದು ಸಾಧ್ಯ ಇದೆ, ಅಷ್ಟನ್ನ ಇಲ್ಲಿಂದ ತಗೊಂಡು ಹೋಗಬಹುದು ಅಂತ ನಾನು ನಂಬ್ತೀನಿ.

ಇನ್ನೊಂದು, ನಾವು ಸಿಟಿಜನ್ ಅಲ್ಲ, ಎಚ್1ಬಿ ಕೆಲಸದ ವೀಸಾಲಿ ಇದೀವಿ, ನಮ್ಮ ಮಾತು ಯಾರು ಕೇಳ್ತಾರೆ ಅಂತ ಆ ತಾಯಿ ಕೇಳಿದ್ರು. ಅಮ್ಮಾ, ಕಮಿಷನ್ ಮೀಟಿಂಗು ಎಲ್ಲರಿಗೂ ತೆರೆದಿರುತ್ತೆ, ಯಾವುದೇ ನಿಯಮ ಬದಲಾಯಿಸೋ ಮುಂಚೆ ಜನರ ಅಭಿಪ್ರಾಯ ಕೇಳ್ತಾರೆ, ಬರೆದು ಕಳಿಸೋಕೆ ವೋಟರ್ ಕಾರ್ಡ್ ಬೇಕಿಲ್ಲ. ವೋಟು ಇಲ್ಲದಿದ್ರೂ ಆ ಒಂದು ಸೆಂಟು ನೀವೂ ಕಟ್ತಿದೀರಿ. ಮುಂದಿನ ಮೀಟಿಂಗ್ ದಿನಾಂಕ ಇಲಾಖೆ ವೆಬ್‌ಸೈಟಲ್ಲಿ ಇರುತ್ತೆ, ಒಟ್ಟಿಗೆ ಹೋಗೋಣ ಅನ್ನೋರು ಹೊರಡೋ ಮುಂಚೆ ನನ್ನ ಹತ್ರ ಹೆಸರು ಕೊಡಿ, ಕಾರಲ್ಲಿ ಜಾಗ ಇದೆ.